ಒಂಬತ್ತು ಇಂಚಿನ ಓರೆ

ತೋಟದ ಮನೆಯ ಬಿಲ್ಕೀಸಮ್ಮ ಕಳಿಸಿದ ಧ್ವನಿಸಂದೇಶವನ್ನು ವೆಂಕಟಸುಬ್ಬಯ್ಯನವರು ಮೂರು ಸಲ ಕೇಳಿದರು. ಮೊದಲನೆಯ ಸಲ ಉಪ್ಪಿಟ್ಟು ತಿನ್ನುತ್ತಾ, ಎರಡನೆಯ ಸಲ ತಟ್ಟೆ ಕೆಳಗಿಟ್ಟು, ಮೂರನೆಯ ಸಲ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು. ಮೂರು ಸಲವೂ ಅದು ಅದನ್ನೇ ಹೇಳಿತು. "ಸಾರ್, ಗುಡ್ ನ್ಯೂಸ್! ಮಾವಿನಕಾಯಿ ಕೋಣೆ ಪೂರಾ ಖಾಲಿ ಮಾಡ್ಸಿದೀನಿ. ಆ ಸೊಟ್ಟ ಗೋಡೆ ಇವತ್ತು ಒಡೆಸ್ತಾ ಇದೀನಿ. ನಿಮ್ಮ ಡ್ರಾಯಿಂಗಲ್ಲಿ ಹೆಂಗಿದೆಯೋ ಹಂಗೇ ನೆಟ್ಟಗೆ ಕಟ್ಟು ಅಂತ ಮೇಸ್ತ್ರಿಗೆ ಹೇಳಿದೀನಿ. ನೀವು ಬಂದು ನಿಂತ್ಕೊಂಡ್ರೆ ನಂಗೆ ಧೈರ್ಯ. ಊಟ ಇಲ್ಲೇ, ನಿಮಗೆ ಬೇರೆ ಪಾತ್ರೇಲಿ ಮಾಡ್ಸ್ತೀನಿ." ಸೊಟ್ಟ ಗೋಡೆ ಎನ್ನುವಲ್ಲಿಗೆ ಬಂದಾಗಲೆಲ್ಲ ಅವರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಳ್ಳುತ್ತಿದ್ದರು. ಹಾಗಾದರೆ ಗೋಡೆ ಸೊಟ್ಟವೇ. ಎರಡು ವರ್ಷದಿಂದ, ರಾತ್ರಿ ನಿದ್ದೆ ಬಾರದಾಗ, ಹಲ್ಲುಜ್ಜುವಾಗ, ಬೇರೆಯವರ ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸಕ್ಕೆ ಕಾಯುವಾಗ ಅವರು ತಮ್ಮನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಉತ್ತರ ಸಿಕ್ಕ ದಿನವೇ ಆ ಗೋಡೆ ಬೀಳಲಿತ್ತು.

"ರೀ, ಹೊಟ್ಟೆ ಸರಿ ಇಲ್ವಾ?" ಎಂದು ಹೊರಗಿನಿಂದ ಸೀತಾಲಕ್ಷ್ಮಿ ಕೇಳಿದರು. ನಲವತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿ. "ಸರಿ ಇದೆ," ಎಂದು ಒಳಗಿನಿಂದ ಗದರುವ ದನಿಯಲ್ಲಿ ಹೇಳಿ, ಗದರಿದ್ದಕ್ಕೆ ನಾಚಿ, ಸುಮ್ಮನೆ ಒಂದು ಚೊಂಬು ನೀರು ಸುರಿದರು. ಬಾಗಿಲು ತೆಗೆದು ಎಲ್ಲವನ್ನೂ ಹೇಳಿಬಿಡಬಹುದಿತ್ತು. ಆದರೆ ಎಲ್ಲಿಂದ ಶುರು ಮಾಡುವುದು? ಕೇಳಿದರೆ ಕೆ.ಆರ್. ಪುರದ ತೋಟದ ಮನೆಗೆ ಊಟಕ್ಕೆ ಕರೆದಿದ್ದಾರೆ ಎಂದಷ್ಟೇ ಹೇಳಿದರು. "ಅರ್ಧ ಉಪ್ಪಿಟ್ಟು ಬಿಟ್ಟು ಎದ್ದು ಹೋಗೋ ಅಂಥ ಊಟವೇ?" ಎಂದರು ಸೀತಾಲಕ್ಷ್ಮಿ. ವೆಂಕಟಸುಬ್ಬಯ್ಯನವರು ಅಳತೆಯ ಟೇಪನ್ನು ಜೇಬಿಗೆ ಹಾಕಿಕೊಂಡು ದೊಮ್ಮಲೂರಿನ ತಮ್ಮ ಗಲ್ಲಿಯಿಂದ ಇಂದಿರಾನಗರದ ಮೆಟ್ರೋಗೆ ಆಟೋ ಹಿಡಿದರು. ಆಟೋದವನು ಮೀಟರಿನ ಮೇಲೆ ಇಪ್ಪತ್ತು ಕೇಳಿದ. ಬೇರೆ ದಿನವಾಗಿದ್ದರೆ ಅವನಿಗೆ ಒಂದು ಭಾಷಣವೇ ಆಗುತ್ತಿತ್ತು. ಇವತ್ತು ಪರರ ತಪ್ಪನ್ನು ತಿದ್ದುವ ಅಧಿಕಾರ ತನಗಿಲ್ಲ ಎನ್ನಿಸಿ ಕೊಟ್ಟುಬಿಟ್ಟರು.

ವಿಷಯ ಇಷ್ಟೆ. ವೆಂಕಟಸುಬ್ಬಯ್ಯನವರು ವಿಮಾನ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತಾರು ವರ್ಷ ಗೆರೆ ಎಳೆದವರು. ಅವರ ಒಂದು ಡ್ರಾಯಿಂಗೂ ತಪ್ಪೆಂದು ಅಂಗಡಿಯಿಂದ, ಅಂದರೆ ಲೋಹ ಕತ್ತರಿಸುವ ಶಾಪಿನಿಂದ, ವಾಪಸ್ಸು ಬಂದದ್ದಿಲ್ಲ. ಈ ಮಾತನ್ನು ಅವರು ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಒಂದು ಸಲ ಹೇಳಿದರು, ಆಮೇಲೆ ಕೇಳಿದವರಿಗೂ ಕೇಳದವರಿಗೂ ಹೇಳುತ್ತಾ ಬಂದರು. ನಿವೃತ್ತರಾದ ಮೇಲೆ ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಮಾಡಿಡುವ ಒಂದು ಸಂಘ ಸೇರಿದರು. ಸಂಘದ ಹುಡುಗ ಹುಡುಗಿಯರು ಲೇಸರ್ ಹಿಡಿದು ಕಂಪ್ಯೂಟರಿನಲ್ಲಿ ಬಿಡಿಸಿದರೆ ಇವರು ಟೇಪು ಹಿಡಿದು ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ ಬಿಡಿಸುತ್ತಿದ್ದರು. "ಅಂಕಲ್ ಕೈ ಪ್ರಿಂಟರ್ ಇದ್ದಂಗೆ," ಎಂದು ಒಬ್ಬಳು ಹೇಳಿದ್ದು ಅವರಿಗೆ ಕಾರ್ಖಾನೆ ಕೊಟ್ಟ ಗಡಿಯಾರಕ್ಕಿಂತ ಹೆಚ್ಚು ಸಂತೋಷ ಕೊಟ್ಟಿತ್ತು. ಹಾಗೆ ಅಳೆದ ಮನೆಗಳಲ್ಲಿ ಅವರಿಗೆ ಪ್ರಾಣವಾದದ್ದು ಈ ತೋಟದ ಮನೆ.

ಮೆಟ್ರೋ ಬೈಯಪ್ಪನಹಳ್ಳಿ ದಾಟುತ್ತಿತ್ತು. ಕಿಟಕಿಯಾಚೆ ಒಂದೂ ಮರ ಕಾಣದ ಕಟ್ಟಡಗಳ ಸಾಲು. ತೋಟದ ಮನೆ ಎಂದರೆ ಬ್ರಿಟಿಷ್ ಸೈನ್ಯದ ಒಬ್ಬ ಸಾರ್ಜೆಂಟ್ ಪಿಂಚಣಿ ಹಣದಲ್ಲಿ ಮಾವಿನ ತೋಪಿನ ನಡುವೆ ಕಟ್ಟಿಸಿದ ಮನೆ. ಎದುರಿಗೆ ಮರದ ಪಟ್ಟಿ ಜೋಡಿಸಿ ಚೂಪಾಗಿ ಇಳಿಬಿಟ್ಟ ಮಂಕಿ ಟಾಪಿನ ಜಗುಲಿ, ಒಳಗೆ ತೇಗದ ತೊಲೆಯ ಮೇಲೆ ಇಟ್ಟಿಗೆ ಅಡ್ಡಡ್ಡ ನಿಲ್ಲಿಸಿ ಗಾರೆ ಕುಟ್ಟಿದ ಮದರಾಸು ತಾರಸಿ, ಅಡುಗೆಮನೆ ದೂರ, ಬಾವಿ ಇನ್ನೂ ದೂರ. ಸಾರ್ಜೆಂಟ್ ಊರಿಗೆ ಹಡಗು ಹತ್ತುವಾಗ ಅದನ್ನು ರಸೆಲ್ ಮಾರುಕಟ್ಟೆಯ ಹಣ್ಣಿನ ವ್ಯಾಪಾರಿ ಕರೀಂ ಸಾಹೇಬರಿಗೆ ಮಾರಿದ. ಕರೀಂ ಸಾಹೇಬರು ಕೆಲಸದ ಮನುಷ್ಯ. ದೊರೆ ಮೇಜಿನ ಮುಂದೆ ಕೂತು ಸೂಪು ಕುಡಿಯುತ್ತಿದ್ದ ಊಟದ ಹಾಲ್‌ನಲ್ಲಿ ಹುಲ್ಲು ಹಾಸಿ ಮಾವಿನಕಾಯಿ ಅಡೆ ಹಾಕಿದರು, ಕುದುರೆ ಲಾಯಕ್ಕೆ ಸುಣ್ಣ ಹೊಡೆಸಿ ಅಳಿಯನನ್ನು ಇಳಿಸಿದರು. ಸಂಘ ಮನೆ ತೋರಿಸಲು ಕರೆತಂದವರಿಗೆ ಈ ಕಥೆ ಹೇಳುವುದು ಅವರದೇ ಕೆಲಸ. ಈ ಭಾಗಕ್ಕೆ ಬಂದಾಗ ಎಲ್ಲರೂ ನಗುತ್ತಿದ್ದರು, ವೆಂಕಟಸುಬ್ಬಯ್ಯನವರು ನಗುವಿಗೆಂದು ಒಂದು ಕ್ಷಣ ಬಿಡುವು ಕೊಡುತ್ತಿದ್ದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಆದರೆ ಗಮನಿಸಿ, ಇಡೀ ಮನೆಯಲ್ಲಿ ಒಂದು ಗೋಡೆಯೂ ಓರೆಯಿಲ್ಲ. ಆ ಕಾಲದ ಶಿಸ್ತು!" ಎನ್ನುತ್ತಿದ್ದರು. ಮನೆಯ ಹಿಂಭಾಗದ ಮಾವಿನಕಾಯಿ ಕೋಣೆ ನೋಡಬಹುದೇ ಎಂದು ಯಾರಾದರೂ ಕೇಳಿದರೆ, "ಅದಕ್ಕೆ ಬೀಗ," ಎನ್ನುತ್ತಿದ್ದರು. ಆ ಕೋಣೆಗೆ ಬೀಗ ಇರಲಿಲ್ಲ. ಅಗುಳಿಯೂ ಇರಲಿಲ್ಲ.

ಅಳೆದ ದಿನ ಆ ಕೋಣೆಯಲ್ಲಿ ಹಳೆಯ ಬುಟ್ಟಿ, ಮುರಿದ ಮಂಚ, ತಕ್ಕಡಿಗಳು ಸೂರಿನವರೆಗೆ ತುಂಬಿದ್ದವು. ಗೋಡೆ ಕಣ್ಣಿಗೆ ಕಾಣುತ್ತಿರಲಿಲ್ಲ. ಬುಟ್ಟಿಗಳ ಸಂದಿಯಲ್ಲಿ ಟೇಪು ತೂರಿಸಿ, ಆಚೆ ತುದಿಯನ್ನು ಜೊತೆಗೆ ಬಂದಿದ್ದ ಸೀತಾಲಕ್ಷ್ಮಿಯ ಕೈಗೆ ಕೊಟ್ಟು ಅಗಲ ಅಳೆದರು. ಬಾಗಿಲ ಕಡೆ ಹನ್ನೆರಡು ಅಡಿ. ಹಿಂಬದಿಯಲ್ಲಿ ಹನ್ನೆರಡು ಅಡಿ ಒಂಬತ್ತು ಇಂಚು. "ಇಲ್ಲಿ ಜಾಸ್ತಿ ಬರ್ತಿದೆ ಕಣ್ರೀ," ಎಂದು ಬುಟ್ಟಿಗಳಾಚೆಯಿಂದ ಸೀತಾಲಕ್ಷ್ಮಿಯ ದನಿ ಬಂತು. ಅದಕ್ಕೆ ನಾಲ್ಕೇ ದಿನ ಮುಂಚೆ ವೆಂಕಟಸುಬ್ಬಯ್ಯನವರು ಬಸ್ಸಿನ ಬೋರ್ಡಿನ ಎಂಟನ್ನು ಮೂರೆಂದು ಓದಿ, ಮೊಮ್ಮಗಳು ಇಂಚರಾಳನ್ನು ಸಂಗೀತದ ಪಾಠಕ್ಕೆ ಒಯ್ಯುವ ಬದಲು ಯಾವುದೋ ಡಿಪೋಗೆ ಕರೆದುಕೊಂಡು ಹೋಗಿದ್ದರು. "ತಾತಂಗೆ ನಂಬರ್ ಬರಲ್ಲ!" ಎಂದು ಒಂಬತ್ತು ವರ್ಷದ ಆ ಹುಡುಗಿ ಮನೆಯವರ ಮುಂದೆಲ್ಲ ಕುಣಿದಿದ್ದಳು, ಎಲ್ಲರೂ ನಕ್ಕಿದ್ದರು, ಅವರೂ ನಕ್ಕಿದ್ದರು. ಆ ನಗುವಿನೊಳಗೆ ಹೆದರಿಕೆ ಹೊಕ್ಕಿತ್ತು. ಅಂಕಿಯೇ ಮೋಸ ಮಾಡಿದರೆ ತನ್ನ ಹತ್ತಿರ ಇನ್ನೇನು ಉಳಿಯಿತು? ಬುಟ್ಟಿಯ ಸಂದಿಯಲ್ಲಿ ಬಗ್ಗಿ ಟೇಪಿನ ಮೇಲೆ ಒಂಬತ್ತು ಕಂಡಾಗ ಅವರಿಗೆ ಕಂಡದ್ದು ಗೋಡೆಯ ಓರೆಯಲ್ಲ, ತಮ್ಮ ಕಣ್ಣಿನ ಓರೆ. ಇನ್ನೊಂದು ಸಲ ಅಳೆಯಬಹುದಿತ್ತು. ಅಳೆದು ಮತ್ತೆ ಬೇರೆ ಏನೋ ಬಂದರೆ? "ನೀನು ಟೇಪು ಸಡಿಲ ಹಿಡಿದಿದ್ದೀಯ," ಎಂದು ಹೆಂಡತಿಯನ್ನು ಗದರಿ, ಪುಸ್ತಕದಲ್ಲಿ ಎರಡೂ ಕಡೆ ಹನ್ನೆರಡು ಅಡಿ ಎಂದು ಬರೆದುಕೊಂಡರು. ಮನೆಗೆ ಬಂದು ಗೆರೆಯನ್ನು ನೆಟ್ಟಗೆ ಎಳೆದರು. ಬಿಡಿಸಿದವರು, ಪರಿಶೀಲಿಸಿದವರು ಎನ್ನುವ ಎರಡೂ ಚೌಕದಲ್ಲಿ ತಾವೇ ಸಹಿ ಹಾಕಿದರು. ಕಾರ್ಖಾನೆಯಲ್ಲಿ ಇಂಥ ಕೆಲಸ ಮಾಡಿದವನ ಇನ್‌ಕ್ರಿಮೆಂಟ್ ನಿಲ್ಲಿಸುತ್ತಿದ್ದರು. ಅಷ್ಟು ಸಾಲದೆ ಸಂಘದವರು ಸೇರಿದಾಗಲೆಲ್ಲ, "ನಮ್ಮನೆಯವರು ಟೇಪು ಹಿಡಿದರೆ ತಾಜ್‌ಮಹಲೂ ಸೊಟ್ಟ!" ಎಂದು ತಮಾಷೆ ಬೇರೆ. ಸೀತಾಲಕ್ಷ್ಮಿ ಆ ತಮಾಷೆಗೆ ಒಂದು ಸಲವೂ ಬೇಸರ ಮಾಡಿಕೊಂಡಿರಲಿಲ್ಲ, ಕಾಫಿ ತಂದುಕೊಟ್ಟು ಒಳಗೆ ಹೋಗುತ್ತಿದ್ದರು.

ತೋಟದ ಗೇಟಿನ ಹತ್ತಿರ ಆಟೋ ಇಳಿದಾಗಲೇ ಹಾರೆಯ ಸದ್ದು ಕೇಳಿಸಿತು. ತೋಪಿನಲ್ಲಿ ಈಗ ಉಳಿದಿರುವುದು ಏಳೇ ಮಾವಿನ ಮರ. ಎಪ್ಪತ್ತೊಂದರ ಮುದುಕ ಓಡಬಾರದು ಎನ್ನುವುದು ಡಾಕ್ಟರರ ಮಾತು, ಓಡಿದರು. ಹಿಂದಿನ ಅಂಗಳದಲ್ಲಿ ಬಿಲ್ಕೀಸಮ್ಮ ಕುರ್ಚಿ ಹಾಕಿಕೊಂಡು ಕೂತಿದ್ದರು. ಕರೀಂ ಸಾಹೇಬರ ಮೊಮ್ಮಗಳು, ಶಿವಾಜಿನಗರದ ಶಾಲೆಯೊಂದರಲ್ಲಿ ಟೀಚರಾಗಿ ನಿವೃತ್ತರಾದವರು, ಈಗ ಈ ಮನೆಯ ಯಜಮಾನಿ. ಕೋಣೆಯ ಹೆಂಚು ಇಳಿಸಿ, ತೊಲೆಗಳಿಗೆ ಸರ್ವೆ ಕಂಬದ ಆಸರೆ ಕೊಟ್ಟು, ಗೋಡೆಯ ತಲೆಯಿಂದ ಮೂರು ವರಸೆ ಇಟ್ಟಿಗೆಯನ್ನು ಮೇಸ್ತ್ರಿ ಈರೇಶ ಆಗಲೇ ಕಿತ್ತಿದ್ದ. ಗೋಡೆ ಈಗ ಬತ್ತಲೆಯಾಗಿ ನಿಂತಿತ್ತು. ಬಾಗಿಲ ಕಡೆಯಿಂದ ನಡುವಿನವರೆಗೆ ನೆಟ್ಟಗೆ ಬಂದು, ಅಲ್ಲಿಂದ ಹೊರಕ್ಕೆ, ದಾರಿಯಲ್ಲಿ ಪರಿಚಯದವರನ್ನು ಕಂಡು ಪಕ್ಕಕ್ಕೆ ಸರಿದವರ ಹಾಗೆ, ಮೆತ್ತಗೆ ತಿರುಗಿತ್ತು. ಕಣ್ಣಿಲ್ಲದವರಿಗೂ ಕಾಣುವಂಥ ಓರೆ.

"ನಿಲ್ಸಪ್ಪಾ, ನಿಲ್ಸು!" ಎಂದರು. ಏದುಸಿರು. ಈರೇಶ ಹಾರೆ ಕೆಳಗಿಟ್ಟ. ಬಿಲ್ಕೀಸಮ್ಮ ಗಾಬರಿಯಿಂದ ಎದ್ದರು. "ಯಾಕೆ ಸಾರ್, ಏನಾಯ್ತು?" ಇದೇ ಸಮಯ. ಹೇಳಿಬಿಡಬೇಕು. ಬಾಯಿ ತೆಗೆದರು. "ಇವತ್ತು ಮಂಗಳವಾರ," ಎಂದಿತು ಬಾಯಿ. ಬಿಲ್ಕೀಸಮ್ಮ ಒಂದು ಕ್ಷಣ ಅವರ ಮುಖ ನೋಡಿದರು. "ಅರೆ, ನಮಗೆ ಮಂಗಳವಾರ ಪರವಾಗಿಲ್ಲ ಸಾರ್. ಈರೇಶ, ನಿಂಗೇನಪ್ಪಾ?" "ನಮಗ ದುಡಿಯೋ ದಿನಾ ಎಲ್ಲಾ ಒಳ್ಳೇವ ರೀ ಅಮ್ಮಾರ," ಎಂದ ಈರೇಶ. ಅವನು ಮತ್ತೆ ಹಾರೆ ಎತ್ತಿಕೊಂಡ. ಸುಣ್ಣ ಹದವಾಗಿದೆಯೇ, ಬೆಲ್ಲದ ನೀರು ಬೆರೆಸಿದ್ದೀರಾ, ಹಳೆ ಇಟ್ಟಿಗೆಯ ಅಳತೆ ಹೊಸದಕ್ಕೆ ಕೂಡುವುದೇ ಎಂದು ವೆಂಕಟಸುಬ್ಬಯ್ಯನವರು ಇನ್ನೂ ಮೂರು ಅಡ್ಡಗಾಲು ಹಾಕಿದರು. ಮೂರಕ್ಕೂ ಈರೇಶನ ಹತ್ತಿರ ಉತ್ತರವಿತ್ತು. ನಾಲ್ಕನೆಯದು ಹೊಳೆಯಲಿಲ್ಲ.

ಆಗ ಈರೇಶನೇ ತನ್ನಷ್ಟಕ್ಕೆ ಎಂಬಂತೆ ಹೇಳಿದ. "ಒಂದ್ ಮಾತ್ರೀ ಸಾಹೇಬ್ರ. ಈ ಗ್ವಾಡಿ ತಪ್ಪಿ ಸೊಟ್ಟ ಆಗಿದ್ದಲ್ರೀ. ಬೇಕಂತ್ಲೇ ತಿರುಗ್ಸ್ಯಾರ. ನೋಡ್ರೀ ಇಲ್ಲಿ, ತಿರುವಿನ್ಯಾಗ ಒಂದೊಂದು ಇಟ್ಟಂಗೀನೂ ಕೆತ್ತಿ ಕುಂದ್ರಿಸ್ಯಾರ. ಇಂಥಾ ಕೆಲ್ಸ ನಂಗೂ ಬರಂಗಿಲ್ಲ. ನೀವ್ ದೊಡ್ಡ ಇಂಜಿನೇರು, ನೆಟ್ಟಗ ಬೇಕಂತ ಬರದೀರಿ, ಅದಕ್ಕ ಕೀಳಾಕತ್ತೀನಿ." ವೆಂಕಟಸುಬ್ಬಯ್ಯನವರು ಹತ್ತಿರ ಹೋಗಿ ನೋಡಿದರು. ನಿಜ. ತಿರುವಿನಲ್ಲಿ ಪ್ರತಿ ಇಟ್ಟಿಗೆಯ ಒಂದು ಮಗ್ಗುಲನ್ನು ಉಳಿಯಿಂದ ಸವರಿ, ಸಂದಿಗೆ ಉಗುರೂ ತೂರದ ಹಾಗೆ ಕೂರಿಸಿದ್ದರು. ಯಾರೋ ಒಬ್ಬ, ಹೆಸರಿಲ್ಲದವನು, ಬಿಸಿಲಲ್ಲಿ ಕೂತು ಇವನ್ನು ಒಂದೊಂದಾಗಿ ಸವರಿದ್ದಾನೆ. ಅವನ ಎರಡು ದಿನದ ಕೆಲಸವನ್ನು ತಾವು ದೊಮ್ಮಲೂರಿನ ಫ್ಯಾನಿನ ಕೆಳಗೆ ಕೂತು ಒಂದು ಗೆರೆಯಲ್ಲಿ ಅಳಿಸಿದ್ದರು. ಕೈ ತಾನಾಗಿ ಜೇಬಿಗೆ ಹೋಗಿ ಟೇಪನ್ನು ತೆಗೆಯಿತು. "ಈ ತುದಿ ಹಿಡ್ಕೋ ಈರೇಶ, ಬಿಗಿಯಾಗಿ," ಎಂದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಹನ್ನೆರಡು ಅಡಿ ಒಂಬತ್ತು ಇಂಚು. ಅದೇ ಒಂಬತ್ತು. ಎರಡು ವರ್ಷದ ಹಿಂದೆ ಬುಟ್ಟಿಯ ಸಂದಿಯಲ್ಲಿ ಕಂಡ ಅದೇ ಅಂಕಿ, ಒಂದು ನೂಲೂ ಆಚೀಚೆ ಇಲ್ಲ.

ಆ ಹೊತ್ತಿನಲ್ಲಿ ಅವರಿಗೆ ಆದದ್ದು ನಾಚಿಕೆಯಲ್ಲ, ಸಂತೋಷ. ನಾಚಿಕೆಯಾಗಬೇಕಿತ್ತು ಎಂದು ಅವರಿಗೇ ಗೊತ್ತಿತ್ತು, ಆದರೆ ಸಂತೋಷ ಹೇಳದೆ ಕೇಳದೆ ನುಗ್ಗಿತು. ಕಣ್ಣು ಸರಿಯಿತ್ತು! ಓದಿದ್ದು ಸರಿಯಿತ್ತು! ಈ ಸಂತೋಷವನ್ನು ಯಾರಿಗಾದರೂ ಹೇಳಬೇಕೆಂದರೆ ಜೊತೆಗೆ ತಪ್ಪನ್ನೂ ಹೇಳಬೇಕಾಗಿತ್ತು. ಎರಡೂ ಒಂದೇ ಬುಟ್ಟಿಯಲ್ಲಿದ್ದವು. ಪಕ್ಕಕ್ಕೆ ಸರಿದು ಫೋನು ತೆಗೆದು ಹೆಂಡತಿಗೆ ಮಾಡಿದರು. "ಸೀತಾ, ಆವತ್ತು ಮಾವಿನಕಾಯಿ ಕೋಣೇಲಿ ನೀನು ಟೇಪು ಸಡಿಲ ಹಿಡಿದಿರಲಿಲ್ಲ."

"ಇಲ್ಲ," ಎಂದರು ಸೀತಾಲಕ್ಷ್ಮಿ. ಹಿಂದೆ ಕುಕ್ಕರ್ ಕೂಗುತ್ತಿತ್ತು. "ಒತ್ತಿ ಹಿಡಿದು ಹೆಬ್ಬೆರಳು ಕೆಂಪಾಗಿತ್ತು."

"ಮತ್ತೆ ಹೇಳ್ಬೇಕು ತಾನೆ? ಎರಡು ವರ್ಷ ನಾನು ಊರೆಲ್ಲ ಆಡ್ಕೊಂಡು ನಕ್ಕೆ, ನೀನು ಸುಮ್ನೆ ಇದ್ದೆಯಲ್ಲ."

"ಬಸ್ಸಿನ ವಿಷಯಕ್ಕೆ ನೀವು ಆಗ ತುಂಬ ಹೆದರಿದ್ರಿ. ರಾತ್ರಿ ಎದ್ದು ಕ್ಯಾಲೆಂಡರ್ ಮುಂದೆ ನಿಂತು ನಂಬರ್ ಓದ್ಕೊಳ್ತಿದ್ರಿ. ನನ್ನ ತಪ್ಪು ಅಂತಾದ್ರೆ ನಿಮಗೆ ನಿದ್ದೆ ಬರುತ್ತಲ್ಲ ಅಂತ ಬಿಟ್ಟೆ. ಈಗೇನು, ಊಟ ಮಾಡ್ಕೊಂಡೇ ಬರ್ತೀರೋ, ಸಾರು ಇಡ್ಲೋ?"

ಸಾರು ಇಡು, ಎಂದು ಹೇಳಿ ಫೋನು ಇಟ್ಟು, ಮೂಗು ಸೀಟಿಕೊಂಡು, ಬಿಲ್ಕೀಸಮ್ಮನ ಮುಂದೆ ಹೋಗಿ ನಿಂತರು. ಮೇಲಧಿಕಾರಿಯ ಮುಂದೆ ನಿಲ್ಲುವ ಹಾಗೆ ಕೈಗಳು ತಾವಾಗಿ ಹಿಂದಕ್ಕೆ ಕಟ್ಟಿಕೊಂಡಿದ್ದವು. "ಬಿಲ್ಕೀಸಮ್ಮ, ಗೋಡೆ ಸರಿಯಾಗಿದೆ. ನನ್ನ ಡ್ರಾಯಿಂಗ್ ತಪ್ಪು. ಅಳತೆ ಸರಿಯಾಗೇ ಬಂದಿತ್ತು, ನಾನೇ ತಿದ್ದಿ ಬರೆದೆ." ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು.

ಬಿಲ್ಕೀಸಮ್ಮ ಬೈಯುತ್ತಾರೆಂದುಕೊಂಡಿದ್ದರು. ಬಿಲ್ಕೀಸಮ್ಮನ ಮುಖ ಬಾಡಿತು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. "ನಾನು ಬೇರೆ ಥರ ತಿಳ್ಕೊಂಡಿದ್ದೆ ಸಾರ್," ಎಂದರು. "ಗೋಡೆ ಸೊಟ್ಟ ಅಂತ ನಂಗೆ ಚಿಕ್ಕವಳಿದ್ದಾಗ್ಲಿಂದ ಗೊತ್ತು. ನಮ್ಮ ಮಾಮೂ ಮಕ್ಕಳೆಲ್ಲ 'ಟೇಡಾ ಘರ್', ಸೊಟ್ಟ ಮನೆ ಅಂತ ಚುಡಾಯಿಸ್ತಿದ್ರು. ನೀವು ನೆಟ್ಟಗೆ ಬರೆದು ತಂದ್ಕೊಟ್ರಲ್ಲ, ಪ್ಲೇನ್ ಮಾಡೋರು, ಮನೆ ಹೆಂಗಿರ್ಬೇಕಿತ್ತು ಅಂತ ತೋರಿಸಿದೀರ ಅಂದ್ಕೊಂಡೆ. ಫ್ರೇಮ್ ಹಾಕ್ಸಿ ಹಾಲಲ್ಲಿ ಇಟ್ಟಿದೀನಿ. ಬಂದೋರಿಗೆಲ್ಲ ತೋರಿಸಿ, ಇದು ನಮ್ಮನೆ ಅಂತೀನಿ. ಅಂದ್ರೆ ಅದು ನಮ್ಮನೆ ಅಲ್ವಾ?"

ಎಪ್ಪತ್ತು ವರ್ಷದ ಮಾನ ಕಾಪಾಡಿಕೊಳ್ಳಲು ಒಂದು ಸುಳ್ಳು ಗೆರೆ ಎಳೆದಿದ್ದರೆ ಅದು ಇನ್ನೊಬ್ಬರ ಮನೆಯಲ್ಲಿ ಗಾಜು ಹಾಕಿಸಿಕೊಂಡು ಆಸೆಯಾಗಿ ಬೆಳೆದಿತ್ತು. ಈರೇಶ ತಲೆವಸ್ತ್ರ ಬಿಚ್ಚಿ ಬೆವರೊರೆಸಿಕೊಂಡು, "ಒಡೀಲ್ಯೋ ಕಟ್ಲ್ಯೋ, ಒಂದ್ ಹೇಳ್ರೀ," ಎಂದ. ಬಿಲ್ಕೀಸಮ್ಮ ವೆಂಕಟಸುಬ್ಬಯ್ಯನವರ ಕಡೆ ತಿರುಗಿ, "ಹೋಗ್ಲಿ, ಆ ಗೋಡೆ ಯಾಕೆ ಓರೆ ಕಟ್ಟಿದ್ರು? ಅದನ್ನಾದ್ರೂ ಹೇಳಿ ಸಾರ್, ನಿಮಗೆಲ್ಲಾ ಗೊತ್ತಿರತ್ತೆ," ಎಂದರು. ವೆಂಕಟಸುಬ್ಬಯ್ಯನವರ ತಲೆಯಲ್ಲಿ ಉತ್ತರಗಳು ಸಾಲುಗಟ್ಟಿದವು. ಬಾವಿಯ ಕಾಲುವೆಗೆ ಜಾಗ ಬಿಟ್ಟಿರಬಹುದು. ಗಾಳಿ ಆಡಲಿ ಎಂದಿರಬಹುದು. ಸಾರ್ಜೆಂಟನ ಕುದುರೆ ಗಾಡಿ ತಿರುಗಲು ಎಂದರಂತೂ ಕೇಳುವವರಿಗೆ ಕಥೆಯೂ ಸಿಗುತ್ತದೆ. ಎರಡು ವರ್ಷದಿಂದ ಈ ಅಂಗಳದಲ್ಲೇ ನಿಂತು ಹೀಗೆ ಎಷ್ಟು 'ಇರಬಹುದು'ಗಳನ್ನು 'ಇತ್ತು' ಎಂದು ಹೇಳಿಲ್ಲ! "ಗೊತ್ತಿಲ್ಲಮ್ಮ," ಎಂದರು. ಹೇಳಿದ ಮೇಲೆ ಇನ್ನೊಂದು ಮಾತು ಹೊಳೆಯಿತು. ಅದು ಇಷ್ಟು ದಿನ ಹೊಳೆಯದಿದ್ದದ್ದೇ ಆಶ್ಚರ್ಯ. "ನಿಮಗೇನಾದ್ರೂ ಗೊತ್ತಾ?"

"ನಂಗಾ?" ಎಂದರು ಬಿಲ್ಕೀಸಮ್ಮ. ತಮ್ಮ ಮನೆಯ ಬಗ್ಗೆ ತಮ್ಮನ್ನು ಯಾರಾದರೂ ಕೇಳಬಹುದು ಎನ್ನುವುದೇ ಅವರಿಗೆ ಹೊಸದಾಗಿತ್ತು. "ಯಾಕೆ ಕಟ್ಟಿದ್ರು ಗೊತ್ತಿಲ್ಲ. ನಾನು ಹುಟ್ಟಿದ್ದು ಅಲ್ಲೇ ಅಂತ ಗೊತ್ತು." ಈರೇಶ ಹಾರೆಯನ್ನು ಗೋಡೆಯಿಂದ ದೂರ ಇಟ್ಟ. "ಸೀಸನ್ ಸಾರ್," ಎಂದು ಬಿಲ್ಕೀಸಮ್ಮ ಮುಂದುವರಿಸಿದರು. "ರಸಪುರಿ ಮುಗೀತಾ ಇತ್ತು, ಮಲಗೋವಾ ಬಂದು ಬಿದ್ದಿತ್ತು. ಒಳಗೆ ಎಲ್ಲಾ ಕೋಣೇಲೂ ಕಾಯಿ, ಮಂಚದ ಮೇಲೂ ಕಾಯಿ. ಅಮ್ಮಿಗೆ ನೋವು ಶುರುವಾದಾಗ ಮಲಗಿಸೋಕೆ ಜಾಗ ಇಲ್ಲ. ನಮ್ಮ ದಾದಾ, ಅಂದ್ರೆ ತಾತ, ಕಾಯಿ ಎತ್ತಬೇಡಿ, ಏಟು ಬೀಳತ್ತೆ ಅಂದ್ರಂತೆ! ಇಲ್ಲಿ ಈ ತಿರುವಲ್ಲಿ ಒಂದಿಷ್ಟು ಹುಲ್ಲು ಉಳಿದಿತ್ತು, ಇಲ್ಲೇ ಕೂರಿಸಿದ್ರು. ಅಮ್ಮಿ ಸಾಯೋವರ್ಗೂ ಅಬ್ಬಾನ ಹಂಗಿಸ್ತಿದ್ರು, ಮಲಗೋವಾಗೆ ಮಂಚ, ನಂಗೆ ಹುಲ್ಲು ಅಂತ." ಅವರು ನಗುತ್ತಾ ಎದ್ದುಹೋಗಿ ತಿರುವಿನಲ್ಲಿ ಅಂಗೈ ಇಟ್ಟರು. "ನೆಟ್ಟಗಿರೋ ಗೋಡೆಗೆ ಒರಗಿದ್ರೆ ಜಾರತ್ತೆ, ಈ ಗೋಡೆ ನನ್ನ ಬೆನ್ನು ಹಿಡ್ಕೊಳ್ತು ಅಂತಿದ್ರು ಸಾರ್. ನಿಜಾನೋ ಸುಳ್ಳೋ. ಎಲ್ರೂ ಹೊರಗಡೆ ಇದ್ರು. ಒಳಗೆ ಅವರ ಹತ್ರ ಇದ್ದಿದ್ದು ಹೆರಿಗೆ ಮಾಡ್ಸೋ ಒಬ್ಳು ಮುದುಕಿ ದಾಯಿ, ಮತ್ತೆ ಈ ಗೋಡೆ." ನಗು ನಡುವೆಯೇ ಎಲ್ಲೋ ನಿಂತುಹೋಗಿತ್ತು. ಅಂಗೈ ಗೋಡೆಯ ಮೇಲೆಯೇ ಇತ್ತು. ತಿರುಗದೆಯೇ, "ಕಿತ್ತಿರೋದನ್ನ ಹೆಂಗಿತ್ತೋ ಹಂಗೇ ಇಡಪ್ಪಾ," ಎಂದರು. "ಆಯ್ತ್ರೀ," ಎಂದ ಈರೇಶ.

ಹಾಲ್‌ನಿಂದ ಫ್ರೇಮು ಬಂತು. ಹಿಂದಿನ ಮೊಳೆ ಕಿತ್ತು ವೆಂಕಟಸುಬ್ಬಯ್ಯನವರು ಟ್ರೇಸಿಂಗ್ ಕಾಗದವನ್ನು ಜಗುಲಿಯ ಕಲ್ಲಿನ ಮೇಲೆ ಹರಡಿ ಬ್ಲೇಡು ಕೇಳಿದರು. ಮಸಿಯ ಗೆರೆ ರಬ್ಬರಿಗೆ ಹೋಗುವುದಿಲ್ಲ, ಬ್ಲೇಡಿನ ತುದಿಯಿಂದ ಮೆತ್ತಗೆ ಹೆರೆಯಬೇಕು. ಒಂಬತ್ತು ಇಂಚು ಕಾಗದದ ಮೇಲೆ ಒಂದು ಅಕ್ಕಿಕಾಳಿನಷ್ಟೂ ಇರಲಿಲ್ಲ. ಹೆರೆದು ಜೇಬಿನ ಪೆನ್ನು ತೆಗೆದರು. ಹೊಸ ಗೆರೆ ನಡುವಿನಿಂದ ಹೊರಕ್ಕೆ ತಿರುಗಿತು. ಬಿಲ್ಕೀಸಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡುತ್ತಿದ್ದವರು ಆ ಕೋಣೆಯ ನಡುವೆ ಬೆರಳಿಟ್ಟರು. "ಇಲ್ಲೇನು ಬರ್ದಿದೀರ?"

"ಸ್ಟೋರ್ ರೂಮ್ ಅಂತ."

"ಹೌದಾ," ಎಂದರು ಬಿಲ್ಕೀಸಮ್ಮ.

ವೆಂಕಟಸುಬ್ಬಯ್ಯನವರು ಅದನ್ನೂ ಹೆರೆದರು. ಸಾರ್ಜೆಂಟನ ಹೆಸರು, ಅವನ ರೆಜಿಮೆಂಟು, ಅವನ ಹಡಗು, ತೇಗ ಬಂದ ಊರು, ಕರೀಂ ಸಾಹೇಬರ ತಂದೆಯ ಹೆಸರು ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲ ಮನುಷ್ಯ, ಪೆನ್ನು ಹಿಡಿದು ತಲೆ ಎತ್ತಿ, "ನಿಮ್ಮ ತಾಯಿಯವರ ಹೆಸರೇನಮ್ಮ?" ಎಂದು ಕೇಳಿದರು.

"ನೂರ್ಜಹಾನ್," ಎಂದರು ಬಿಲ್ಕೀಸಮ್ಮ. ಹೆರೆದ ಜಾಗದಲ್ಲಿ ವೆಂಕಟಸುಬ್ಬಯ್ಯನವರು ಆ ಹೆಸರು ಬರೆದರು.